ಮಲೆನಾಡಿನ ಆದಿವಾಸಿ ಓದುಮನೆ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ

ಆದಿವಾಸಿ ಸಮುದಾಯ ಗ್ರಂಥಾಲಯ ಎಂದರೆ ಆದಿವಾಸಿಗಳಿಗಾಗಿ ಯಾರೋ ತೆರೆದ ಗ್ರಂಥಾಲಯವಲ್ಲ. ಯಾವ ಪುಸ್ತಕ ಬರಬೇಕು, ಬಾಗಿಲು ಎಷ್ಟು ಹೊತ್ತಿಗೆ ತೆರೆಯಬೇಕು, ಹಿರಿಯರು ಹೇಳಿದ ಕಥೆಯನ್ನು ಹೊರಗಿನವರಿಗೆ ಕೇಳಿಸಬಹುದೋ ಕೂಡದೋ ಎಂಬುದನ್ನೆಲ್ಲ ಆ ಕೇರಿಯವರೇ ತೀರ್ಮಾನಿಸುವ ಏರ್ಪಾಡು ಅದು. ಸರ್ಕಾರ, ಪಂಚಾಯಿತಿ, ವಿಶ್ವವಿದ್ಯಾಲಯ, ಟ್ರಸ್ಟು, ಪ್ರಕಾಶಕರು ಇದಕ್ಕೆ ಹೆಗಲು ಕೊಡುವ ಪಾಲುದಾರರು. ಹಣ, ಪುಸ್ತಕ, ತರಬೇತಿ ಅವರಿಂದ ಬರಬಹುದು. ಬೀಗದ ಕೈ ಕೇರಿಯಲ್ಲಿ ಇರಬೇಕು. ಈ ಒಂದು ಪರೀಕ್ಷೆಯಲ್ಲಿ ಗೆದ್ದರೆ ನಾಲ್ಕು ಕಂಬದ ಹೆಂಚಿನ ಮಾಡೂ ಸಮುದಾಯ ಗ್ರಂಥಾಲಯವೇ. ಸೋತರೆ ಎಷ್ಟು ದೊಡ್ಡ ಕಟ್ಟಡವಾದರೂ ಅದು ಇನ್ನೊಂದು ಸರ್ಕಾರಿ ಕಚೇರಿ.

ಚಿಕ್ಕಮಗಳೂರು ಜಿಲ್ಲೆಯ ಪಡುವಣ ಮಗ್ಗುಲಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲೂಕುಗಳಲ್ಲಿ ಇಂಥ ಓದುಮನೆಗೆ ಬೇಕಾದ ಸಾಮಾನು ಬೇರೆ ಬೇರೆ ಕೈಗಳಲ್ಲಿ ಹಂಚಿಹೋಗಿದೆ. ಒಂದಿಷ್ಟು ಪಂಚಾಯಿತಿಯ ಹತ್ತಿರ, ಒಂದಿಷ್ಟು ಅರಣ್ಯ ಹಕ್ಕು ಕಾಯ್ದೆಯ ಪುಟಗಳಲ್ಲಿ, ಬಹುಪಾಲು ಕೇರಿಯ ಹಿರಿಯರ ನೆನಪಿನಲ್ಲಿ.

ನೆಲ, ಮಳೆ, ಜನ

ಬಯಲುಸೀಮೆಯ ಹಳ್ಳಿಗೆ ಒಂದು ಊರಬಾಗಿಲು, ಒಂದು ಚಾವಡಿ ಇರುತ್ತದೆ. ಅಲ್ಲೊಂದು ವಾಚನಾಲಯ ತೆರೆದರೆ ಊರಿಗೆಲ್ಲ ಸಿಕ್ಕಿತು. ಮಲೆನಾಡಿನ ಹಳ್ಳಿ ಕಂದಾಯದ ಕಡತದಲ್ಲಷ್ಟೇ ಒಂದು ಊರು. ಒಂದು ಗದ್ದೆಕೋಗಿಗೆ ಎರಡು ಮನೆ, ಗುಡ್ಡದ ಆಚೆ ಇನ್ನೊಂದು ಮನೆ, ತೋಟದ ಮೇಲಂಚಿನಲ್ಲಿ ಆಳುಗಳ ಬಿಡಾರ, ಅಲ್ಲಿಂದ ಕಾಡು ಹೊಕ್ಕರೆ ಗಿರಿಜನರ ಕಾಲೋನಿ. ಕೊಡಿಗೆ, ಮಕ್ಕಿ, ಹಡ್ಲು, ಕಾನು ಎಂದು ಮುಗಿಯುವ ಊರ ಹೆಸರುಗಳು ನೆಲ ಹೇಗೆ ಹರಿದು ಹಂಚಿದೆ ಎಂಬುದನ್ನು ತಾವೇ ಹೇಳುತ್ತವೆ. 1904ರಲ್ಲಿ ಕುವೆಂಪು ಹುಟ್ಟಿದ ತಾಯಿಯ ತವರು ಹಿರೇಕೊಡಿಗೆ ಇರುವುದು ಕೊಪ್ಪ ತಾಲೂಕಿನಲ್ಲೇ.

ತುಂಗೆ ಶೃಂಗೇರಿಯನ್ನು ಬಳಸಿ ಹರಿಯುತ್ತಾಳೆ, ಭದ್ರೆ ಬಾಳೆಹೊನ್ನೂರನ್ನು. ಭದ್ರೆಗೆ ಲಕ್ಕವಳ್ಳಿಯಲ್ಲಿ ಕಟ್ಟೆ ಕಟ್ಟಿದ ಮೇಲೆ ಅದರ ಹಿನ್ನೀರು ನರಸಿಂಹರಾಜಪುರದ ಕಡೆಗೆ ಚಾಚಿ ಎಷ್ಟೋ ಗದ್ದೆ, ದಾರಿಗಳನ್ನು ನುಂಗಿತು. ಶೃಂಗೇರಿಯ ದಕ್ಷಿಣಕ್ಕೆ ನೆಮ್ಮಾರು, ಕೆರೆಕಟ್ಟೆ ದಾಟಿದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು. ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ. ಹಳ್ಳ ದಾಟಲು ಅಡಕೆ ಮರದ ಕಾಂಡ ಜೋಡಿಸಿದ ಕಾಲುಸಂಕವೇ ಗತಿಯಾದ ಕಡೆ, ಮಳೆ ಜೋರಾದ ದಿನ ಮಕ್ಕಳು ಶಾಲೆಗೇ ಹೋಗುವುದಿಲ್ಲ. ಪುಸ್ತಕ ಬದಲಿಸಲು ಪಂಚಾಯಿತಿ ಕೇಂದ್ರಕ್ಕೆ ಹೋಗುವ ಮಾತು ದೂರ.

ಈ ಸೀಮೆಯ ಆದಿವಾಸಿಗಳಲ್ಲಿ ಮಲೆಕುಡಿಯರು, ಗೌಡಲು, ಹಸಲರು ಮುಖ್ಯರು. ಮೂವರೂ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿದ್ದಾರೆ. ಮಲೆಕುಡಿಯರು ಘಟ್ಟದ ಎರಡೂ ಬದಿಗೆ ಹಬ್ಬಿದವರು: ಕೆಳಗೆ ಬೆಳ್ತಂಗಡಿ, ಕಾರ್ಕಳ, ಮೇಲೆ ಮೂಡಿಗೆರೆ, ಶೃಂಗೇರಿ. ಮನೆಯಲ್ಲಿ ತುಳುವಿನ ಒಂದು ಬಗೆ ಆಡುತ್ತಾರೆ, ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ. ಹಸಲರು ತಲೆಮಾರುಗಳ ಕಾಲ ಅಡಕೆ ತೋಟದ ಒಡೆಯರ ಬಳಿ ಸಾಲಕ್ಕೆ ಸಿಕ್ಕಿ ದುಡಿದವರು. ಜೀತ ಕಾನೂನಿನ ಪ್ರಕಾರ 1976ರಲ್ಲಿ ರದ್ದಾಯಿತು; ಒಡೆಯನ ಅಂಗಳದಲ್ಲಿ ಕೂತು ಮಾತಾಡುವ ಧೈರ್ಯ ಬರಲು ಇನ್ನಷ್ಟು ಕಾಲ ಬೇಕಾಯಿತು. 2011ರ ಜನಗಣತಿಯಂತೆ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದವರು ನೂರಕ್ಕೆ ಸುಮಾರು 4 ಮಂದಿ. ಗ್ರಂಥಾಲಯದ ಲೆಕ್ಕದಲ್ಲಿ ಈ ಸಣ್ಣ ಅಂಕಿ ದೊಡ್ಡದು: ಬಹುಮತದಿಂದ ನಡೆಯುವ ಯಾವ ಸಭೆಯಲ್ಲೂ ಆದಿವಾಸಿ ಕೇರಿಯ ಮಾತು ತಾನಾಗಿ ಗೆಲ್ಲುವುದಿಲ್ಲ.

ಇವರ ಜೊತೆಗೆ ಕಾಫಿ ಎಸ್ಟೇಟುಗಳ ಲೈನ್ ಮನೆಗಳಲ್ಲಿ ದೂರದಿಂದ ಬಂದ ಕೂಲಿಗಳು, ನರಸಿಂಹರಾಜಪುರದ (ಎನ್.ಆರ್.ಪುರದ) ಕಡೆ ಕೇರಳದಿಂದ ಬಂದು ನೆಲೆಸಿದ ಮಲಯಾಳಿ ಕೃಷಿಕರು ಇದ್ದಾರೆ. ಓದುಮನೆ ಕಟ್ಟುವವರಿಗೆ ಇಲ್ಲಿ ಒಂದೇ ಭಾಷೆಯ ಓದುಗ ಸಿಗುವುದಿಲ್ಲ.

ಬರಹ ಇತ್ತು, ಬಾಗಿಲು ಇರಲಿಲ್ಲ

ಈ ಕಾಡು ಅಕ್ಷರ ಕಾಣದ ಕಾಡಲ್ಲ. ಶೃಂಗೇರಿ ಮಠದ ಕಡತಗಳು ಕರ್ನಾಟಕದ ಇತಿಹಾಸಕಾರರಿಗೆ ಚಿರಪರಿಚಿತ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕಕ್ಕೆ ಕಡತ ಎಂದು ಹೆಸರು. ಗೇಣಿ, ದಾನ, ಜಗಳ, ತೀರ್ಪು ಎಲ್ಲ ಅದರಲ್ಲಿ ಸೇರುತ್ತಿದ್ದವು. 1916ರಲ್ಲಿ ಮೈಸೂರು ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ಯರು ಇದೇ ಮಠದಲ್ಲಿ ಟಿಪ್ಪು ಸುಲ್ತಾನ ಬರೆಸಿದ ಕನ್ನಡ ಪತ್ರಗಳ ಕಟ್ಟನ್ನು ಕಂಡರು; ಮರಾಠರ ದಂಡು ಮಠವನ್ನು ದೋಚಿದ ಮೇಲಿನ ಪತ್ರಗಳು ಅದರಲ್ಲಿದ್ದವು. ಬಾಳೆಹೊನ್ನೂರಿನಲ್ಲಿ ರಂಭಾಪುರಿ ಪೀಠ, ಎನ್.ಆರ್.ಪುರದ ಸಿಂಹನಗದ್ದೆಯಲ್ಲಿ ಜೈನ ಮಠ, ಕೊಪ್ಪ ತಾಲೂಕಿನಲ್ಲಿ ಹರಿಹರಪುರ ಮಠ. ಹೀಗೆ ಮೂರು ತಾಲೂಕಿನಲ್ಲೂ ಓದುಬರಹದ ಮನೆಗಳಿದ್ದವು. ಬಾಳೆಹೊನ್ನೂರಿನ ಹತ್ತಿರ ಕಾಫಿ ಸಂಶೋಧನಾ ಕೇಂದ್ರ 1925ರಲ್ಲೇ ಬಂತು. ಅಡಕೆ ಕೊನೆಗಾರನ ಮಗ ಇವುಗಳ ಯಾವ ಕಪಾಟಿಗೂ ಕೈ ಹಾಕುವಂತಿರಲಿಲ್ಲ.

ಅವನ ಕೇರಿಯ ಸಂಗ್ರಹ ಬೇರೆಡೆ ಇತ್ತು. ಅಡಕೆ ಸುಲಿಯುವ ರಾತ್ರಿಗಳನ್ನು ಕಂಡವರಿಗೆ ಇದು ಗೊತ್ತು: ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತವರ ನಿದ್ದೆ ಓಡಿಸಲು ಒಬ್ಬಾಕೆ ಕಥೆ ಎತ್ತಿಕೊಂಡರೆ ಅದು ಮೂರು ರಾತ್ರಿ ನಡೆಯುತ್ತಿತ್ತು. ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಹೋಗುವ ಅಂಟಿಗೆ ಪಂಟಿಗೆಯ ಹಾಡುಗಳು, ಮಲೆಕುಡಿಯರ ದೈವಗಳ ಕಥೆ ಹಾಡುವ ಪಾಡ್ದನ, ಯಾವ ಬಳ್ಳಿ ಯಾವ ಜ್ವರಕ್ಕೆ, ಯಾವ ಮರದ ಜೇನು ಯಾವ ತಿಂಗಳಿಗೆ ಎಂಬ ಲೆಕ್ಕ. ಇವುಗಳಿಗೆ ಕಪಾಟು ಬೇಕಿರಲಿಲ್ಲ, ಆದರೆ ಕೂಡಿ ಕೂರುವ ಕೆಲಸ ಬೇಕಿತ್ತು. ಸುಲಿಯುವ ಯಂತ್ರ ಬಂತು. ಕೂರುವ ಸಾಲು ಚದುರಿತು.

ಇವರ ಬಗ್ಗೆ ಪುಸ್ತಕಗಳಂತೂ ಬೇಗನೇ ಬಂದವು. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಹೆಸರಿನಲ್ಲಿ 1928ರಿಂದ ಪ್ರಕಟವಾದ ಮೈಸೂರು ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳಲ್ಲಿ ಹಸಲರ ಮದುವೆ, ಸಾವು, ದೇವರು ಎಲ್ಲದಕ್ಕೂ ಜಾಗವಿದೆ. ಸಂಪುಟಗಳು ಇಂಗ್ಲಿಷಿನಲ್ಲಿವೆ. ನಂಜುಂಡಯ್ಯನವರು 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಹೌದು ಎಂಬುದು ಇಲ್ಲಿ ನೆನಪಾಗುತ್ತದೆ. ಯಾರ ಬಗ್ಗೆ ಬರೆಯಲಾಯಿತೋ ಅವರು ಓದಬಹುದು ಎಂಬ ಎಣಿಕೆಯೇ ಆ ಕಾಲಕ್ಕಿರಲಿಲ್ಲ. ಮಲೆನಾಡಿನ ಕಾದಂಬರಿಗಳಲ್ಲೂ ಬಿಡಾರದ ಜನ ಜೀವ ತುಂಬಿಕೊಂಡು ಓಡಾಡುತ್ತಾರೆ, ಬರೆದವರು ಮಾತ್ರ ದೊಡ್ಡಮನೆಯ ಕಡೆಯವರು. ಆದಿವಾಸಿ ಓದುಮನೆಯ ಮೊದಲ ಕಪಾಟು ಎದುರಿಸುವ ತೊಡಕು ಇದು: ಅವರ ಹೆಸರಿರುವ ಪುಸ್ತಕ ಬೇಕಾದಷ್ಟಿದೆ, ಅವರು ಬರೆದದ್ದು ಕಡಿಮೆ.

ಪಂಚಾಯಿತಿಯ ಗ್ರಂಥಾಲಯ

ಸಾರ್ವಜನಿಕ ಗ್ರಂಥಾಲಯಗಳಿಗೆ ಕಾನೂನು ಮಾಡಿದ ರಾಜ್ಯಗಳಲ್ಲಿ ಕರ್ನಾಟಕ ಮೊದಮೊದಲಿನದು. ಮದ್ರಾಸು 1948ರಲ್ಲಿ ದಾರಿ ತೋರಿತು. ಮೈಸೂರು ರಾಜ್ಯದ ಅಧಿನಿಯಮ 1965ರದು, ಜಾರಿಯಾದದ್ದು 1966ರ ಏಪ್ರಿಲ್ 1ರಿಂದ. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಇದರ ಆಧಾರ. ತೆರಿಗೆ ಹೆಚ್ಚು ಹುಟ್ಟುವ ಊರಿಗೆ ಪುಸ್ತಕ ಹೆಚ್ಚು. ಹೆಂಚಿನ ಮನೆ, ಸೋಗೆ ಮನೆಗಳ ಊರಿಗೆ ಕಡಿಮೆ. ನಗರಕ್ಕಾಗಿ ಹೊಲಿದ ಅಂಗಿ ಮಲೆನಾಡಿಗೆ ಬಿಗಿಯಾದದ್ದು ಹೀಗೆ.

ಹಳ್ಳಿಗಳ ಗ್ರಂಥಾಲಯಗಳನ್ನು ಬಹುಕಾಲ ಗ್ರಂಥಾಲಯ ಇಲಾಖೆಯೇ ನಡೆಸಿತು. ಒಂದು ಕೋಣೆ, ಎರಡು ಬೀರು, ಒಂದು ದಿನಪತ್ರಿಕೆ, ಗೌರವಧನದ ಮೇಲೆ ದುಡಿಯುವ ಒಬ್ಬ ಮೇಲ್ವಿಚಾರಕ. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ರಾಜ್ಯದಲ್ಲಿ ಅವುಗಳ ಸಂಖ್ಯೆ 5,600ಕ್ಕೂ ಹೆಚ್ಚು. ಮರುವರ್ಷ ಕೊರೊನಾದಿಂದ ಶಾಲೆ ಮುಚ್ಚಿದಾಗ, ನವೆಂಬರ್‌ನಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಅಲ್ಲಿಯವರೆಗೆ ಪತ್ರಿಕೆ ಓದುವ ಗಂಡಸರ ಜಾಗವಾಗಿದ್ದ ಕೋಣೆಗೆ ಮಕ್ಕಳು ನುಗ್ಗಿದರು. ಗೋಡೆಗೆ ಬಣ್ಣ ಬಂತು, ನೆಲಕ್ಕೆ ಚಾಪೆ ಬಂತು, ದಾನಿಗಳಿಂದ ಪುಸ್ತಕ ಬಂತು. ಈಗ ಅವಕ್ಕೆ ‘ಅರಿವು ಕೇಂದ್ರ’ ಎಂದು ಹೆಸರು.

ಪಾಲುದಾರಿಕೆ ಎಂಬ ಮಾತು ಕರ್ನಾಟಕದ ಹಳ್ಳಿ ಗ್ರಂಥಾಲಯಕ್ಕೆ ನಿಜವಾಗಿ ಬಂದದ್ದು ಈ ಹೊತ್ತಿನಲ್ಲೇ. ಶಿಕ್ಷಣ ಫೌಂಡೇಶನ್ ಮತ್ತು ಡೆಲ್ ಕಂಪನಿ ಇಲಾಖೆಯ ಜೊತೆ ಸೇರಿ ‘ಗ್ರಾಮ ಡಿಜಿ ವಿಕಸನ’ ಎಂಬ ಕಾರ್ಯಕ್ರಮದಲ್ಲಿ ಟಿ.ವಿ., ಮೊಬೈಲು, ಕಲಿಕೆಯ ಸಾಮಗ್ರಿ ಒದಗಿಸಿದವು. ಕೋಲ್ಕತ್ತದಲ್ಲಿ 1972ರಿಂದ ಇರುವ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವು ಇದ್ದೇ ಇದೆ. ಗುಡ್ಡದ ಮರೆಯ ಊರಿನಲ್ಲಿ ಸಿಗ್ನಲ್ ಹುಡುಕಲು ಮೊಬೈಲ್ ಹಿಡಿದು ದಿಬ್ಬ ಹತ್ತಬೇಕಾದ ಕಡೆ ಅಂತರ್ಜಾಲ ಬೇಡುವ ಸಾಮಗ್ರಿಗಿಂತ ಅಚ್ಚಾದ ಪುಸ್ತಕವೇ ಹೆಚ್ಚು ಬಾಳುತ್ತದೆ ಎಂಬುದು ಬೇರೆ ಮಾತು.

ಶಾಲೆಯ ವಿಷಯದಲ್ಲಿ ಈ ನೆಲಕ್ಕೆ ಒಂದು ಒಳ್ಳೆಯ ಹೆಸರಿದೆ. ಶೃಂಗೇರಿ ಕ್ಷೇತ್ರದ ಶಾಸಕ, ಕೊಪ್ಪದ ಎಚ್.ಜಿ. ಗೋವಿಂದೇಗೌಡರು 1990ರ ದಶಕದಲ್ಲಿ ಶಿಕ್ಷಣ ಮಂತ್ರಿಯಾಗಿ ಒಂದು ಲಕ್ಷದಷ್ಟು ಪ್ರಾಥಮಿಕ ಶಿಕ್ಷಕರನ್ನು ಲಂಚ, ಶಿಫಾರಸುಗಳಿಲ್ಲದೆ ಅಂಕದ ಮೇಲೆ ನೇಮಿಸಿದರು. ಇಂದು ಕಾಡಂಚಿನ ಎಷ್ಟೋ ಕೇರಿಗಳಲ್ಲಿ ಮೊದಲ ತಲೆಮಾರಿನ ಓದುಗರು ಇದ್ದಾರೆ ಎಂದರೆ ಆ ಮೇಷ್ಟರುಗಳ ಪಾಲು ಅದರಲ್ಲಿದೆ. ಶಾಲೆ ಅಕ್ಷರ ಕೊಟ್ಟಿತು. ಹತ್ತನೇ ತರಗತಿ ಮುಗಿಸಿ ತೋಟದ ಕೆಲಸಕ್ಕೆ ಹೋಗುವ ಹುಡುಗ, ಹುಡುಗಿಗೆ ಆಮೇಲೆ ಓದಲು ಏನು ಸಿಗುತ್ತದೆ ಎಂಬುದು ಗ್ರಂಥಾಲಯದ ಪ್ರಶ್ನೆ.

ಅರಿವು ಕೇಂದ್ರ ಪಂಚಾಯಿತಿ ಕಚೇರಿಯ ಹತ್ತಿರ ಇರುತ್ತದೆ. ಆದಿವಾಸಿ ಕಾಲೋನಿ ಅಲ್ಲಿಂದ ಹಲವು ಕಿಲೋಮೀಟರ್ ಆಚೆ. ಗ್ರಂಥಪಾಲಕರ ನೇಮಕ, ಪುಸ್ತಕದ ಆಯ್ಕೆ, ಸಮಯ ಇವು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಜಿಲ್ಲಾ ಪಂಚಾಯಿತಿಗಳ ಮಟ್ಟದಲ್ಲಿ ನಿಲ್ಲುತ್ತವೆ. ಇದನ್ನು ದೂರುವುದಕ್ಕಿಂತ ಅರಿವು ಕೇಂದ್ರವನ್ನು ತಾಯಿ ಮನೆಯಾಗಿಟ್ಟು, ಕಾಲೋನಿಯಲ್ಲಿ ಅದರ ಒಂದು ಕವಲು ತೆರೆಯುವುದು ಸುಲಭದ ದಾರಿ. ತಿಂಗಳಿಗೊಮ್ಮೆ ಬದಲಾಗುವ ಎರಡು ಪೆಟ್ಟಿಗೆ ಪುಸ್ತಕ, ಕೇರಿಯದೇ ಒಬ್ಬ ಯುವತಿಯ ಬಳಿ ಎರವಲು ವಹಿ, ಪಂಚಾಯಿತಿ ನಿಧಿಯಿಂದ ಅವಳಿಗೆ ಗೌರವಧನ. ಇಷ್ಟಕ್ಕೆ ಹೊಸ ಕಾನೂನು ಬೇಡ.

ಕಾಡಿನೊಳಗೆ ಕಟ್ಟಡ ಕಟ್ಟುವ ಹಕ್ಕು

ಕಾಲೋನಿಯಲ್ಲಿ ಒಂದು ಕೋಣೆ ಕಟ್ಟಲು ಹೊರಟರೆ ಮೊದಲು ಎದುರಾಗುವುದು ಅರಣ್ಯ ಇಲಾಖೆ. ಜಾಗ ಕಂದಾಯದ್ದಲ್ಲ, ಕಾಡಿನದು; ಉದ್ಯಾನದ ಒಳಗಾದರೆ ಕಲ್ಲು ಸಾಗಿಸಲೂ ಅನುಮತಿ ಬೇಕು. ಕುದುರೆಮುಖ ಉದ್ಯಾನ ಸುಮಾರು 600 ಚದರ ಕಿಲೋಮೀಟರ್. ಅದರ ಘೋಷಣೆ, ಅದಕ್ಕೆ ಸ್ಥಳೀಯರ ವಿರೋಧ, ಪುನರ್ವಸತಿ ಇವುಗಳ ನಡುವೆ ಒಳಗಿನ ಮನೆಗಳಿಗೆ ರಸ್ತೆ, ವಿದ್ಯುತ್ತು ವರ್ಷಗಟ್ಟಲೆ ತಡವಾದವು. ಇವತ್ತೋ ನಾಳೆಯೋ ಹೊರಗೆ ಹೋಗಬೇಕಾದವರಿಗೆ ಗ್ರಂಥಾಲಯ ಯಾಕೆ ಎಂದು ಕೇಳುವ ಅಧಿಕಾರಿ ಸಿಗುವುದೂ ಇಂಥ ಕಡೆಗಳಲ್ಲೇ.

2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಪ್ರಕರಣ ಈ ಗಂಟನ್ನು ಬಿಡಿಸುತ್ತದೆ. ಅದನ್ನು ಬಳಸಿಕೊಳ್ಳುವವರು ಕಡಿಮೆ. ಅರಣ್ಯವಾಸಿಗಳ ಊರಿಗೆ ಬೇಕಾದ 13 ಬಗೆಯ ಸೌಲಭ್ಯಗಳಿಗೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿ ಬಳಸಲು ಅದು ಅವಕಾಶ ಕೊಡುತ್ತದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು, ಗ್ರಾಮಸಭೆ ಶಿಫಾರಸು ಮಾಡಿರಬೇಕು. ಪಟ್ಟಿಯಲ್ಲಿ ಶಾಲೆ, ಆಸ್ಪತ್ರೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಕೆರೆ, ರಸ್ತೆ ಇವೆ. ಗ್ರಂಥಾಲಯ ಎಂಬ ಪದ ಇಲ್ಲ. ಕಡೆಯದು ಸಮುದಾಯ ಭವನ. ಕಾನೂನಿನ ಪ್ರಕಾರ ಆದಿವಾಸಿ ಓದುಮನೆ ಒಳಗೆ ಬರಬೇಕಾದ ಬಾಗಿಲು ಇದು. ಅರ್ಜಿಯಲ್ಲಿ ‘ಗ್ರಂಥಾಲಯ ಕಟ್ಟಡ’ ಎಂದು ಬರೆದರೆ ಕಡತ ಸುತ್ತುತ್ತದೆ, ‘ಸಮುದಾಯ ಭವನ’ ಎಂದು ಬರೆದು ಅದರಲ್ಲಿ ಕಪಾಟು ಇಟ್ಟರೆ ಕೆಲಸವಾಗುತ್ತದೆ. ಒಂದು ಪದದ ಮೇಲೆ ಇಷ್ಟೆಲ್ಲ ನಿಂತಿರುವುದು ನಗು ತರಿಸುವ ಸಂಗತಿ, ಆದರೆ ತಾಲೂಕು ಕಚೇರಿಯಲ್ಲಿ ಒಮ್ಮೆಯಾದರೂ ಕಾದು ಕೂತವರಿಗೆ ಇದು ಹೊಸದಲ್ಲ.

ಇಲ್ಲಿ ಇನ್ನೊಂದು ಅಂಶ ಮರೆಯುವಂತಿಲ್ಲ. ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳು ಕರ್ನಾಟಕದಲ್ಲಿಲ್ಲ; ಹಾಗಾಗಿ ಜಾರ್ಖಂಡ್, ಒಡಿಶಾಗಳಲ್ಲಿರುವಂತೆ ಆದಿವಾಸಿ ಗ್ರಾಮಸಭೆಗೆ ಹೆಚ್ಚಿನ ಅಧಿಕಾರ ಕೊಡುವ ಪೇಸಾ ಕಾಯ್ದೆಯ ಬಲ ಇಲ್ಲಿ ಸಿಗದು. ಅರಣ್ಯ ಹಕ್ಕಿನ ಗ್ರಾಮಸಭೆಯೊಂದೇ ಇಲ್ಲಿನ ಊರುಗೋಲು. ಅದಲ್ಲದೆ ಆದಿವಾಸಿಗಳೇ ಸದಸ್ಯರಾಗಿರುವ ಸಹಕಾರ ಸಂಘಗಳು, ಜನ ‘ಲ್ಯಾಂಪ್ಸ್’ ಎನ್ನುವ ಸೊಸೈಟಿಗಳು, ರಾಜ್ಯದ ಬೇರೆ ಬೇರೆ ಜಿಲ್ಲೆಗಳಲ್ಲಿವೆ. ಜೇನು, ಸೀಗೆಕಾಯಿ, ರಾಮಪತ್ರೆ ಕೊಳ್ಳಲು ಹುಟ್ಟಿದ ಇಂಥ ಸಂಘದ ಲೆಕ್ಕಪುಸ್ತಕ, ಚುನಾವಣೆ, ಸರ್ವ ಸದಸ್ಯರ ಸಭೆ ಗ್ರಂಥಾಲಯ ನಡೆಸಲೂ ಸಾಕಾಗುತ್ತದೆ. ಹೊರಗಿನ ಟ್ರಸ್ಟು ಹಣ ಕೊಡುವಾಗ ಒಪ್ಪಂದಕ್ಕೆ ಸಹಿ ಹಾಕಲು ಕೇರಿಯ ಕಡೆಯಿಂದ ಒಂದು ನೋಂದಾಯಿತ ಸಂಸ್ಥೆ ಇಲ್ಲದಿದ್ದರೆ, ಸಹಿ ಟ್ರಸ್ಟಿನದೇ ಎರಡೂ ಕಡೆ ಬೀಳುತ್ತದೆ. ಹಲವು ಪಾಲುದಾರಿಕೆಗಳು ಮೊದಲ ದಿನವೇ ವಾಲುವುದು ಈ ಸಹಿಯ ಜಾಗದಲ್ಲಿ.

ಪುಸ್ತಕ ಇಟ್ಟುಕೊಳ್ಳುವ ಭಯ

ಈ ಸೀಮೆಯಲ್ಲಿ ಆದಿವಾಸಿ ಹುಡುಗನ ಕೈಯ ಪುಸ್ತಕ ಬಹುಕಾಲ ಸಂಶಯದ ವಸ್ತುವಾಗಿತ್ತು. 2000ದ ದಶಕದಲ್ಲಿ ಕುದುರೆಮುಖ ಸುತ್ತಿನ ಕಾಡುಗಳಲ್ಲಿ ನಕ್ಸಲರು, ಅವರ ಹಿಂದೆ ನಕ್ಸಲ್ ನಿಗ್ರಹ ಪಡೆ. 2005ರ ಫೆಬ್ರುವರಿಯಲ್ಲಿ ಬಾಳಿಗೆ ಬಳಿಯ ಮೆಣಸಿನಹಾಡ್ಯದಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತರು. ಕರ್ನಾಟಕದ ಇತಿಹಾಸದ ಬಗ್ಗೆ ಎರಡು ಸಂಪುಟ ಬರೆದಿದ್ದವರೂ ಅವರೇ. ಘಟ್ಟದ ಕೆಳಗೆ ಬೆಳ್ತಂಗಡಿ ತಾಲೂಕಿನ ಕುತ್ಲೂರಿನಲ್ಲಿ 2012ರ ಮಾರ್ಚ್‌ನಲ್ಲಿ ಮಲೆಕುಡಿಯ ಸಮುದಾಯದ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬನನ್ನು ಬಂಧಿಸಲಾಯಿತು. ಅವನ ವಿರುದ್ಧ ತೋರಿಸಿದ ಸಾಕ್ಷ್ಯಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕವೊಂದು, ಪತ್ರಿಕೆಯ ತುಣುಕುಗಳು ಇದ್ದವು. ಅವನೂ ಅವನ ತಂದೆಯೂ ಆರೋಪಮುಕ್ತರಾಗಲು 2021ರ ಅಕ್ಟೋಬರ್ ಬರಬೇಕಾಯಿತು. ಪುಸ್ತಕ, ಪತ್ರಿಕೆ ಇಟ್ಟುಕೊಂಡ ಮಾತ್ರಕ್ಕೆ ಅಪರಾಧವಾಗದು ಎಂಬುದು ನ್ಯಾಯಾಲಯದ ನಿಲುವು.

ಒಂಬತ್ತು ವರ್ಷದ ಆ ಮೊಕದ್ದಮೆ ಘಟ್ಟದ ಎರಡೂ ಬದಿಯ ಕೇರಿಗಳಿಗೆ ಗೊತ್ತಿರುವ ಕಥೆ. ಮನೆಯಲ್ಲಿ ಪುಸ್ತಕ ಬೇಡ ಎನ್ನುವ ತಾಯಿಯನ್ನು ಅಜ್ಞಾನಿ ಎನ್ನಲಾಗದು. ಸಾಮೂಹಿಕ ಓದುಮನೆಗೆ ಇಲ್ಲಿ ಬೇರೆಲ್ಲೂ ಇಲ್ಲದ ಒಂದು ಉಪಯೋಗವಿದೆ: ಪುಸ್ತಕ ಒಬ್ಬನ ಮನೆಯಲ್ಲಿರುವುದಿಲ್ಲ, ಪಂಚಾಯಿತಿ ಮೊಹರು ಬಿದ್ದು, ಎಲ್ಲರ ಕಣ್ಣೆದುರು, ಗ್ರಾಮಸಭೆಯ ಹೆಸರಿನಲ್ಲಿರುತ್ತದೆ. ಯಾವ ಪುಸ್ತಕ ಇರಬೇಕೆಂದು ಆರಿಸಿದ್ದು ಸಭೆ, ಹಾಗಾಗಿ ಹೊಣೆಯೂ ಸಭೆಯದು.

ಬೇರೆ ಕಡೆ ನಡೆದದ್ದು

ದೂರದ ಊರಿಗೆ ಪುಸ್ತಕ ಒಯ್ದವರಲ್ಲಿ ನಮಗೆ ಹತ್ತಿರವಾಗುವ ಕಥೆ ಕೇರಳದ ಇಡುಕ್ಕಿ ಜಿಲ್ಲೆಯ ಎಡಮಲಕ್ಕುಡಿಯದು. ಮುದುವಾನ್ ಆದಿವಾಸಿಗಳ ಈ ಕಾಡೊಳಗಿನ ಊರು 2010ರಲ್ಲಿ ಕೇರಳದ ಮೊದಲ ಬುಡಕಟ್ಟು ಪಂಚಾಯಿತಿಯಾಯಿತು. ಅಲ್ಲಿ ಪಿ.ವಿ. ಚಿನ್ನತಂಬಿ ಎಂಬ ಮುದುಕ ತನ್ನ ಚಿಕ್ಕ ಚಹದಂಗಡಿಯಲ್ಲಿ 160 ಪುಸ್ತಕಗಳ ಗ್ರಂಥಾಲಯ ನಡೆಸುತ್ತಿದ್ದದ್ದನ್ನು ಪತ್ರಕರ್ತ ಪಿ. ಸಾಯಿನಾಥ್ 2014ರಲ್ಲಿ ಬರೆದರು. ಸದಸ್ಯತ್ವಕ್ಕೆ ಒಂದೇ ಸಲ 25 ರೂಪಾಯಿ, ತಿಂಗಳಿಗೆ 2 ರೂಪಾಯಿ. ಪುಸ್ತಕಗಳು ಪುಡಿಕಥೆಗಳಲ್ಲ, ಶಿಲಪ್ಪದಿಕಾರದ ಮಲಯಾಳ ಅನುವಾದವೂ ಅಲ್ಲಿತ್ತು. ಒಬ್ಬ ಮೇಷ್ಟರು, ಒಬ್ಬ ಗೆಳೆಯ ಪುಸ್ತಕ ಹೊತ್ತು ತಂದರು, ನಡೆಸಿದವನು ಊರಿನವನು. ಕಾಡಿನ ಜನಕ್ಕೆ ‘ಸರಳ’ ಪುಸ್ತಕವೇ ಬೇಕೆಂಬ ಪೇಟೆಯವರ ತೀರ್ಮಾನವನ್ನು ಆ ಚಹದಂಗಡಿ ಸದ್ದಿಲ್ಲದೆ ಅಳಿಸಿಹಾಕಿತು.

ಅರುಣಾಚಲದ ಲೋಹಿತ್ ಕಣಿವೆಯ ಕಥೆಗೆ ಕರ್ನಾಟಕದ ನಂಟಿದೆ. ತೇಜು ಊರಿನ ಬಾಂಬೂಸಾ ಗ್ರಂಥಾಲಯ 2007ರಲ್ಲಿ ಆರಂಭವಾದಾಗ ಮೈಸೂರಿನ ವಿವೇಕಾನಂದ ಟ್ರಸ್ಟ್ ಮತ್ತು ದೆಹಲಿಯ ಮಕ್ಕಳ ಲೇಖಕರ ಸಂಘ ಕೈಜೋಡಿಸಿದ್ದವು. ಅದನ್ನು ಬೆಳೆಸಿದ ಸತ್ಯನಾರಾಯಣನ್ ಮುಂಡಯೂರರಿಗೆ 2020ರ ಪದ್ಮಶ್ರೀ ಬಂತು. ಅಲ್ಲಿ ಗಟ್ಟಿಯಾಗಿ ಓದಿ ಹೇಳುವ, ನಾಟಕ ಆಡುವ ಕೆಲಸವನ್ನು ಸ್ಥಳೀಯ ಹುಡುಗ, ಹುಡುಗಿಯರೇ ವಹಿಸಿಕೊಂಡು ಬೇರೆ ಊರುಗಳಿಗೆ ಹಬ್ಬಿಸಿದರು. ಕೇರಳದಲ್ಲಿ ಪಿ.ಎನ್. ಪಣಿಕ್ಕರ್ 1945ರಲ್ಲಿ ಕಟ್ಟಿದ ಗ್ರಂಥಶಾಲಾ ಸಂಘವೂ ಜನ ಮೊದಲು ಕಟ್ಟಿ, ಸರ್ಕಾರ ಆಮೇಲೆ ಅನುದಾನ ಕೊಟ್ಟ ಮಾದರಿ. ಗಡಿಯಾಚೆಯ ಕಾಸರಗೋಡಿನ ಕನ್ನಡ ಗ್ರಂಥಾಲಯಗಳೂ ಈಗ ಆ ವ್ಯವಸ್ಥೆಯೊಳಗಿವೆ. ಕರ್ನಾಟಕದಲ್ಲಿ ಕಾನೂನು ಮೊದಲು ಬಂತು, ಜನ ಆಮೇಲೆ. ಮಲೆನಾಡಿನಲ್ಲಿ ಜನ ಮೊದಲಾದ ಉದಾಹರಣೆ ಇಲ್ಲವೆಂದಲ್ಲ: ಸಾಗರದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಎಂಬ ರಂಗಸಂಸ್ಥೆ ಹಳ್ಳಿಯವರೇ ಕಟ್ಟಿದ್ದು. ಅದು ಅಡಕೆ ತೋಟದ ಒಡೆಯರ ಊರಿನದು ಎಂಬ ವ್ಯತ್ಯಾಸವನ್ನು ಗಮನಿಸಬೇಕು. ಬಿಡಾರದವರಿಗೆ ಸಂಜೆಗಳೇ ಬಿಡುವಾಗಿರಲಿಲ್ಲ.

ಹೊರದೇಶಗಳಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಈ ವಿಷಯದಲ್ಲಿ ಮುಂದೆ ಹೋಗಿದೆ. ಅಲ್ಲಿನ ರಾಜ್ಯ ಗ್ರಂಥಾಲಯವೂ ಮೂಲನಿವಾಸಿಗಳ ಸ್ಥಳೀಯ ಕೌನ್ಸಿಲುಗಳೂ ಸೇರಿ ದೂರದ ಊರುಗಳಲ್ಲಿ ಜ್ಞಾನಕೇಂದ್ರಗಳನ್ನು ನಡೆಸುತ್ತವೆ. ಪುಸ್ತಕ, ತರಬೇತಿ ರಾಜ್ಯದ್ದು. ನೌಕರರು ಕೌನ್ಸಿಲಿನವರು, ಊರಿನವರು. ಅದೇ ದೇಶದ ವಾರುಮುಂಗು ಜನರ ಜೊತೆ ಕೆಲಸ ಮಾಡುವಾಗ ಹುಟ್ಟಿದ ‘ಮುಕುರ್ತು’ ಎಂಬ ತಂತ್ರಾಂಶ ಹಾಡು, ಚಿತ್ರ, ಕಥೆಗಳನ್ನು ಸಮುದಾಯದ ಕಟ್ಟಳೆಯಂತೆ ಬೀಗ ಹಾಕಿಡುತ್ತದೆ: ಹೆಂಗಸರಷ್ಟೇ ಕೇಳಬೇಕಾದದ್ದು ಹೆಂಗಸರಿಗೆ, ಸತ್ತವರ ಚಿತ್ರ ಮನೆಯವರು ಒಪ್ಪಿದ ಮೇಲೆ. ಪಾಡ್ದನ, ಮದ್ದು, ದೈವದ ಗುಟ್ಟುಗಳಿರುವ ಮಲೆಕುಡಿಯ ಕೇರಿಗೆ ಈ ವಿಚಾರ ಪರಕೀಯವೆನಿಸದು.

ಭಾಷೆ ಮತ್ತು ಸಂಗ್ರಹ

ಕಪಾಟಿನಲ್ಲಿ ಏನಿರಬೇಕು ಎಂಬುದಕ್ಕೆ ಸರ್ಕಾರದ ಪಟ್ಟಿ ಬೇಗ ಸಿಗುತ್ತದೆ: ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ನೀತಿಕಥೆ, ಮಹಾಪುರುಷರ ಜೀವನಚರಿತ್ರೆ. ಪರೀಕ್ಷೆಯ ಪುಸ್ತಕಗಳನ್ನು ತಳ್ಳಿಹಾಕುವಂತಿಲ್ಲ. ಅರಣ್ಯ ರಕ್ಷಕನ ಹುದ್ದೆಗೆ ಓದುವ ಹುಡುಗನಿಗೆ ಅದೇ ಮೊದಲ ಪುಸ್ತಕ. ಆದರೆ ಮನೆಮಾತು ತುಳುವಾದ ಮಗುವಿಗೆ ಮೊದಲ ಚಿತ್ರಪುಸ್ತಕ ಮನೆಮಾತಿನಲ್ಲೇ ಬಂದರೆ ಓದು ಬೇಗ ಹತ್ತುತ್ತದೆ. ಕನ್ನಡ ಲಿಪಿಯಲ್ಲಿ ತುಳು ಬರೆಯುವುದು ಹೊಸತೇನಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ನಲ್ಲಿ ಯಾರು ಬೇಕಾದರೂ ಚಿತ್ರಕಥೆಗಳನ್ನು ತಮ್ಮ ಭಾಷೆಗೆ ತಂದು ಅಚ್ಚು ಹಾಕಿಕೊಳ್ಳಬಹುದು. ಒಡಿಶಾದ ಮುಂಡಾ, ಕುಯಿ, ಸೌರಾ, ಜುವಾಂಗ್ ಭಾಷೆಗಳಲ್ಲಿ ಮಕ್ಕಳ ಪುಸ್ತಕ ತಂದದ್ದೂ ಇದೇ ಸಂಸ್ಥೆ. ಕಥೆ ಹೇಳಿದವರು, ಚಿತ್ರ ಬರೆದವರು ಆ ಸಮುದಾಯದವರು.

ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಬುಡಕಟ್ಟು ಅಧ್ಯಯನ ವಿಭಾಗ, ಮೈಸೂರಿನ ಬುಡಕಟ್ಟು ಸಂಶೋಧನಾ ಸಂಸ್ಥೆ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಹಾಡು, ಕಥೆ ಸಂಗ್ರಹಿಸುವ ಸಂಸ್ಥೆಗಳು. ಸಂಗ್ರಹಿಸಿದ್ದು ಬಂದ ದಾರಿಯಲ್ಲೇ ಕೇರಿಗೆ ಮರಳಬೇಕು. ಅರಣ್ಯ ಹಕ್ಕು ಕಾಯ್ದೆಯ 3(1)(ಕೆ) ಪ್ರಕರಣ ಜೀವವೈವಿಧ್ಯ ಮತ್ತು ಸಾಂಸ್ಕೃತಿಕ ವೈವಿಧ್ಯಕ್ಕೆ ಸೇರಿದ ಪಾರಂಪರಿಕ ಜ್ಞಾನವನ್ನು ಸಮುದಾಯದ ಬೌದ್ಧಿಕ ಸ್ವತ್ತು ಎನ್ನುತ್ತದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಸಂಶೋಧಕರ ಜೊತೆ ಕೂಡಿ ತಮ್ಮ ದೇವರ ತಾಣಗಳನ್ನೂ ಎಲ್ಲೆಗಳನ್ನೂ ನಕ್ಷೆಯಲ್ಲಿ ಗುರುತಿಸಿದರು. 2011ರಲ್ಲಿ ಅಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ನಕ್ಷೆಯೂ ಗ್ರಂಥಾಲಯದ ವಸ್ತುವೇ, ಹಕ್ಕುಪತ್ರದ ನಕಲೂ ಅಷ್ಟೇ. ಅರಣ್ಯ ಹಕ್ಕಿನ ಅರ್ಜಿ, ಹಳೆಯ ಪಹಣಿ, ಹಿನ್ನೀರಿಗೆ ಹೋದ ಜಮೀನಿನ ಕಾಗದಗಳ ಒಂದೊಂದು ಪ್ರತಿ ಇಡಲು ಬೀರು ಇದ್ದರೆ, ಕಥೆಪುಸ್ತಕ ಓದದ ಹಿರಿಯರೂ ಓದುಮನೆಗೆ ಬರುತ್ತಾರೆ.

ಕಟ್ಟಡ, ಕಾಪು, ವೇಳೆ

ಮಲೆನಾಡಿನಲ್ಲಿ ಪುಸ್ತಕದ ಶತ್ರು ಕಳ್ಳನಲ್ಲ, ಜುಲೈ. ಎರಡು ವಾರ ಬಿಸಿಲು ಕಾಣದಿದ್ದರೆ ರಟ್ಟಿಗೆ ಬೂಷ್ಟು ಹಿಡಿಯುತ್ತದೆ, ಅಂಟು ಬಿಡುತ್ತದೆ, ಗೋಡೆಗೆ ತಾಗಿಸಿದ ಬೀರುವಿನ ಹಿಂದಿನಿಂದ ಗೆದ್ದಲು ಏರುತ್ತದೆ. ಕಬ್ಬಿಣದ ಬೀರು ಒಳಗೇ ಬೆವರುತ್ತದೆ. ಗಾಳಿಯಾಡುವ ಮರದ ಕಪಾಟನ್ನು ಗೋಡೆಯಿಂದ ಗೇಣು ದೂರ, ನೆಲದಿಂದ ಮೊಳ ಮೇಲೆ ಇಡುವುದು ಲೇಸು. ಹಿಂದಿನವರು ತಾಳೆಗರಿಯ ಕಟ್ಟು, ಬಿತ್ತನೆ ಬೀಜ ಎರಡನ್ನೂ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡುತ್ತಿದ್ದದ್ದು ಸುಮ್ಮನೆ ಅಲ್ಲ. ಕಾಗದದ ಪುಸ್ತಕಕ್ಕೆ ಹೊಗೆ ಆಗದು, ಆದರೆ ಮಳೆಗಾಲದಲ್ಲಿ ಕೋಣೆಗೆ ದಿನವೂ ಒಂದು ಹೊತ್ತು ಬೆಂಕಿಯ ಬಿಸಿ ತಾಗಿದರೆ ಸಾಕು. ಬಾಗಿಲು ತೆರೆದಿರುವ ಗ್ರಂಥಾಲಯದ ಪುಸ್ತಕ ಬೇಗ ಕೆಡುವುದಿಲ್ಲ. ಕೈ ಬದಲಾಯಿಸುವ ಪುಸ್ತಕಕ್ಕೆ ಬೂಷ್ಟು ಹತ್ತಲು ಪುರುಸೊತ್ತು ಇರುವುದಿಲ್ಲ.

ವೇಳೆಯನ್ನು ಕಚೇರಿಯ ಗಡಿಯಾರಕ್ಕೆ ಕಟ್ಟಿದರೆ ದುಡಿಯುವ ಕೇರಿಗೆ ಅದು ಮುಚ್ಚಿದ ಬಾಗಿಲೇ. ನವೆಂಬರ್‌ನಿಂದ ಅಡಕೆ ಕೊನೆ, ಡಿಸೆಂಬರ್‌ನಿಂದ ಕಾಫಿ ಕೊಯ್ಲು. ಫೆಬ್ರುವರಿಯವರೆಗೆ ದೊಡ್ಡವರಾರೂ ಹಗಲು ಮನೆಯಲ್ಲಿರುವುದಿಲ್ಲ, ಎಷ್ಟೋ ಕಡೆ ಮಕ್ಕಳೂ ಇರುವುದಿಲ್ಲ. ಆ ನಾಲ್ಕು ತಿಂಗಳು ಓದುಮನೆ ಸಂಜೆ ಆರರ ಮೇಲೆ ತೆರೆಯಬೇಕು, ದೀಪಕ್ಕೆ ಸೋಲಾರ್ ಬೇಕು, ಮನೆಗೆ ಮರಳುವ ಮಕ್ಕಳ ಜೊತೆ ಟಾರ್ಚು ಹಿಡಿದು ಒಬ್ಬರು ನಡೆಯಬೇಕು, ಆನೆಯ ಸುದ್ದಿ ಇರುವ ಕಡೆ ಅದೂ ಸಾಲದು. ಮಳೆಗಾಲದಲ್ಲಿ ತಲೆಕೆಳಗು: ಕೆಲಸ ಕಡಿಮೆ, ಹಗಲು ಉದ್ದ, ಹೊರಗೆ ಕಾಲಿಡಲು ಆಗದು. ಆಗ ಹಳ್ಳದ ಆಚೆಯ ಮನೆಗಳಿಗೆ ಜೂನ್ ಮೊದಲ ವಾರದಲ್ಲೇ, ಸಂಕ ಮುಳುಗುವ ಮುಂಚೆ, ಮನೆಗೆ ಹತ್ತು ಪುಸ್ತಕದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಳಿಸಿ, ಅಕ್ಟೋಬರ್‌ನಲ್ಲಿ ನೀರು ಇಳಿದ ಮೇಲೆ ವಾಪಸು ಬರೆದುಕೊಳ್ಳಬೇಕು. ಹದಿನೈದು ದಿನಕ್ಕೆ ಒಂದು ಪುಸ್ತಕ, ತಡವಾದರೆ ದಂಡ ಎಂಬ ನಿಯಮ ಹಾಳೆಯ ಮೇಲೆ ಇರಲಿ. ಎರವಲು ವಹಿಯಲ್ಲಿ ಆ ನಾಲ್ಕು ತಿಂಗಳ ಕಾಲಮಿನಲ್ಲಿ ‘ಮಳೆ’ ಎಂದು ಬರೆದರೆ ಸಾಕು.